ಒಂದೇ ನಂಬರಿನ ಎಣ್ಣೆ

ಹೋದ ವಾರ ಭೂತನಾಳದ ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಸುಮ್ಮನೆ ನೀರು ನೋಡುತ್ತ ನಿಂತಿದ್ದೆ. ಸುಮ್ಮನೆ ಅಂದರೆ ಖರೇನೇ ಸುಮ್ಮನೆ. ಈಗ ನನ್ನ ಹತ್ತಿರ ಇರುವುದು ಬ್ಯಾಟರಿ ಸ್ಕೂಟರು. ತಾನು ಚಾಲೂ ಇದ್ದೇನೋ ಬಂದ್ ಇದ್ದೇನೋ ಎಂಬುದು ಅದಕ್ಕೇ ಗೊತ್ತಿರುವುದಿಲ್ಲ. ಕಂಡವರ ದನಿಯನ್ನೆಲ್ಲ ಕದ್ದು ಬದುಕಿದ ನನ್ನಂಥವನಿಗೆ ದೇವರು ಹುಡುಕಿ ಹುಡುಕಿ ಒಂದು ಮೂಗ ಗಾಡಿ ಕೊಟ್ಟಿದ್ದಾನೆ. ಅಷ್ಟರಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಹಳೆಯ ಟೂ ಸ್ಟ್ರೋಕ್ ಸ್ಕೂಟರೊಂದು ನನ್ನ ಬೆನ್ನ ಹಿಂದೆ ಹಾದುಹೋಯಿತು. ಅದು ಹೋಯಿತು, ಅದರ ನೀಲಿ ಹೊಗೆ ಹೋಗಲಿಲ್ಲ. ಗಾಳಿಯಿಲ್ಲದ ಆ ಸಂಜೆ ಹೊಗೆ ಮೊಣಕಾಲ ಮಟ್ಟದಲ್ಲಿ ತೇಲುತ್ತ ನನ್ನ ಸುತ್ತ ನಿಂತುಬಿಟ್ಟಿತು. ಸುಟ್ಟ ಎಣ್ಣೆ, ಅರೆಸುಟ್ಟ ಪೆಟ್ರೋಲು, ಅವುಗಳ ಹಿಂದೆ ಎಲ್ಲೋ ಹಸಿ ಕಡಲೆ ಗಿಡದ ಹುಳಿ ವಾಸನೆ. ಆ ಹುಳಿ ಹೊಗೆಯಲ್ಲಿ ಇರಲಿಲ್ಲ. ಅದು ನನ್ನ ತಲೆಯೊಳಗೆ, ಕೆಲವು ವರ್ಷದ ಹಿಂದಿನ ಒಂದು ಚಳಿಗಾಲದಲ್ಲಿ, ಮುಚ್ಚಿಟ್ಟ ಡಬ್ಬಿಯಲ್ಲಿ ಇದ್ದ ಹಾಗೆ ಇತ್ತು.

ಆ ವರ್ಷ ನಾನು ಎರಡು ಊರಿನ ಅರೆ ಮಾಸ್ತರನಾಗಿದ್ದೆ. ಮುಂಜಾನೆ ತಿಕೋಟಾದ ಒಂದು ಶಾಲೆಯಲ್ಲಿ ವಿಜ್ಞಾನ, ಊಟವಾದ ಮೇಲೆ ಬಬಲೇಶ್ವರದ ಇನ್ನೊಂದು ಶಾಲೆಯಲ್ಲಿ ಅದೇ ವಿಜ್ಞಾನ. ಎರಡೂ ಕಡೆ ಅತಿಥಿ ಶಿಕ್ಷಕ. ಅತಿಥಿ ಎಂಬ ಮಾತಿಗೆ ನಮ್ಮವ್ವ ಮೋಸಹೋಗಿ, "ಹಂಗಾರ ಊಟಾ ಅವರ ಹಾಕತಾರೇನು?" ಎಂದು ಕೇಳಿ, ಇಲ್ಲ ಎಂದು ತಿಳಿದ ಮೇಲೆ ನಿಟ್ಟುಸಿರು ಬಿಟ್ಟು ಬುತ್ತಿ ಕಟ್ಟತೊಡಗಿದ್ದಳು. ವಿಜಯಪುರದಿಂದ ತಿಕೋಟಾ, ತಿಕೋಟಾದಿಂದ ಬಬಲೇಶ್ವರ, ಅಲ್ಲಿಂದ ತಿರುಗಿ ಮನೆ. ದಿನಕ್ಕೊಂದು ತ್ರಿಕೋನ. ಅದನ್ನು ಬರೆಯುತ್ತಿದ್ದುದು ಅಪ್ಪನ ಸ್ಕೂಟರು. ಅಪ್ಪ ಮೋಟರ್ ಸೈಕಲ್ ಕೊಂಡ ಮೇಲೆ ಅದು ತಗಡಿನ ಪತ್ರಾಸಿನ ಕೆಳಗೆ ನಾಲ್ಕು ವರ್ಷ ನಿಂತು, ಸೀಟಿನ ಮೇಲೆ ಒಂದು ಬೆಕ್ಕನ್ನೂ ಅದರ ಎರಡು ಬಾಣಂತನಗಳನ್ನೂ ಕಂಡಿತ್ತು.

ನನ್ನ ಇನ್ನೊಂದು ಉದ್ಯೋಗ ಅಣಕು. ಅದಕ್ಕೆ ಸಂಬಳವಿರಲಿಲ್ಲ, ರಜೆಯೂ ಇರಲಿಲ್ಲ. ಬಸ್ ಕಂಡಕ್ಟರು, ತಿಕೋಟಾದ ಹೆಡ್ ಮಾಸ್ತರು, ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಟ್ರ್ಯಾಕ್ಟರು, ನಮ್ಮವ್ವನ ಕುಕ್ಕರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ಹೆಡ್ ಮಾಸ್ತರು ಕರೆದರೆಂದು ಹುಡುಗರು ಎದ್ದು ಓಡಿ, ಹೆಡ್ ಮಾಸ್ತರು ರಜೆಯಲ್ಲಿದ್ದಾರೆಂದು ನೆನಪಾಗಿ ತಿರುಗಿ ಬರುತ್ತಿದ್ದರು. ನಮ್ಮ ಊರಿನ ಗೋಳಗುಮ್ಮಟಕ್ಕೂ ನನಗೂ ಒಂದೇ ವ್ಯತ್ಯಾಸ. ಅದು ಒಂದು ಮಾತನ್ನು ಏಳು ಸಲ ಹೇಳುತ್ತದೆ, ಒಂದಕ್ಷರ ಸೇರಿಸುವುದಿಲ್ಲ. ನಾನು ಒಂದೇ ಸಲ ಹೇಳುತ್ತೇನೆ, ಹತ್ತು ಅಕ್ಷರ ಸೇರಿಸುತ್ತೇನೆ.

ಹುಸೇನ್ ಚಾಚಾನ ಕೈಗೆ ಬಿದ್ದದ್ದು ಆ ಗಾಡಿಯ ದೆಸೆಯಿಂದಲೇ. ಸ್ಟೇಷನ್ ರಸ್ತೆಯಿಂದ ಒಳಗೆ ತಿರುಗುವ ಒಂದು ಸಂದಿಯಲ್ಲಿ, ಬೇವಿನ ಮರದ ಬುಡದಲ್ಲಿ ಅವರ ಅಂಗಡಿ, ಹಿಂದೆಯೇ ಮನೆ. ಹಳೆಯ ಸ್ಕೂಟರು ಬಿಟ್ಟು ಬೇರೇನನ್ನೂ ಅವರು ಮುಟ್ಟುತ್ತಿರಲಿಲ್ಲ. ಅರವತ್ತು ದಾಟಿದ ತೆಳ್ಳನೆಯ ಆಳು. ಗೋಡೆಯ ಮೊಳೆಗಳಿಗೆ ನಟ್ಟು ತಿರುಗಿಸುವ ಪಾನಾಗಳು ಗಾತ್ರದ ಪ್ರಕಾರ ತೂಗುಬಿದ್ದಿರುತ್ತಿದ್ದವು, ದೊಡ್ಡಣ್ಣನಿಂದ ಸಣ್ಣ ತಮ್ಮನವರೆಗೆ. ಊರಿನ ಹಳೆಯ ಗಾಡಿಗಳವರು ಚಾಚಾನ ಕಿವಿಯ ಬಗ್ಗೆ ಮಾತಾಡುತ್ತಿದ್ದರು: ಸಂದಿಯ ಬಾಯಲ್ಲಿ ಗಾಡಿ ತಿರುಗುವಾಗಲೇ ಒಳಗೆ ಕೂತು ರೋಗ ಹೇಳುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಆ ಕಿವಿ ಮುಕ್ಕಾಲು ಮುಗಿದಿತ್ತು. ನಲವತ್ತು ವರ್ಷ ಎಂಜಿನ್ನಿನ ಪಕ್ಕ ಕೂತದ್ದರ ಫಲ. ಎಡಗಿವಿಗೆ ಒದರಿದರೆ ಮಾತು ತಿಳಿಯುತ್ತಿತ್ತು, ಬಲಗಿವಿ ಬರೀ ಪೆನ್ಸಿಲ್ ಇಡುವುದಕ್ಕೆ.

ಆದರೂ ಕೆಲಸ ನಿಂತಿರಲಿಲ್ಲ. ಚಾಚಾ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರು. ಕಿವಿಗೆ ಬಾರದ್ದು ಹಲ್ಲಿನಿಂದ ತಲೆಬುರುಡೆಗೆ ಹೋಗುತ್ತಿತ್ತು.

"ಹಲ್ಲ ಇರೂ ತನಕ ಅಂಗಡಿ ಇರತೈತಿ," ಎನ್ನುತ್ತಿದ್ದರು. ಒಳಗಿನಿಂದ ಚಾಚಿ, "ಅದಕ ದಿನಾ ಎರಡ ಸಲ ಹಲ್ಲ ತಿಕ್ಕತಾರ. ಲಗ್ನದಾಗ ಇಷ್ಟ ತಿಕ್ಕಿರಲಿಲ್ಲ," ಎನ್ನುತ್ತಿದ್ದಳು.

ತೊಡಕು ಬಂದದ್ದು ನನ್ನ ಗಾಡಿಯಿಂದ. ಅದರ ರೋಗ ಅಂಗಡಿಯ ಮುಂದೆ ಕಾಣುತ್ತಲೇ ಇರಲಿಲ್ಲ. ತಿಕೋಟಾ ದಾಟಿ ನಿಡೋಣಿಯ ಕಡೆಗಿನ ಏರಿನಲ್ಲಿ ಮಾತ್ರ ಏನೋ ಒಂದು ಸದ್ದು. ಇಲ್ಲಿಗೆ ತಂದರೆ ಬೀಗರು ಬಂದಾಗ ನಗುವ ಅತ್ತೆಯ ಹಾಗೆ ಚಂದಗೆ ಮಾತಾಡುತ್ತಿತ್ತು. ಚಾಚಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಮಾಸ್ತರ, ನೀ ಎಲ್ಲಾರ್ನೂ ಅಣಕಸತೀ ಅಂತಲ್ಲ. ಗಾಡೀನ ಅಣಕಸು."

ನಾನು ಅಣಕಿಸಿದೆ. ಕೇಳಲಿಲ್ಲ. ಅವರು ಸ್ಕ್ರೂಡ್ರೈವರಿನ ತುದಿಯನ್ನು ಅರಿವೆಯಲ್ಲಿ ಒರೆಸಿ, ಅದನ್ನು ನನ್ನ ದವಡೆಯ ಎಲುಬಿಗೆ ಆನಿಸಿ, ಹಿಡಿಕೆಯನ್ನು ಕಚ್ಚಿಕೊಂಡು ಕಣ್ಣಲ್ಲೇ ಹೇಳಿದರು, ಹೂಂ. ನಾನು ಮತ್ತೆ ಶುರುಮಾಡಿದೆ. ಮುಂದಿನ ಅರ್ಧ ನಿಮಿಷ ಸಂದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಒಬ್ಬ ಮುದುಕ ಒಬ್ಬ ಮಾಸ್ತರನ ಗಲ್ಲಕ್ಕೆ ಕಬ್ಬಿಣ ಚುಚ್ಚಿ ನಿಂತಿದ್ದಾನೆ, ಮಾಸ್ತರ ಡುರ್ರ್ ಎನ್ನುತ್ತಿದ್ದಾನೆ. "ಹಲ್ಲಿನ ದವಾಖಾನಿ ತಗದಾರೇನು?" ಎಂದು ಯಾರೋ ಕೇಳಿದರು. ಚಾಚಾ ಸ್ಕ್ರೂಡ್ರೈವರ್ ತೆಗೆದು, "ಸೈಲೆನ್ಸರಿನ ಬೋಲ್ಟ ಸಡಲ ಆಗೈತಿ. ಏರನ್ಯಾಗ ನಡಗತೈತಿ," ಎಂದು ಹೇಳಿ ಒಂದು ಬೋಲ್ಟನ್ನು ಎರಡು ಸುತ್ತು ತಿರುಗಿಸಿದರು. ಮರುದಿನ ಏರಿನಲ್ಲಿ ಸದ್ದಿರಲಿಲ್ಲ.

ಹಾಗೆ ಶುರುವಾಯಿತು ಆ ಚಳಿಗಾಲ. ಶಾಲೆ ಮುಗಿಸಿ ಬಂದು ನಾನು ಸಂದಿಯಲ್ಲಿ ನಿಲ್ಲುತ್ತಿದ್ದೆ, ಚಾಚಾ ಕಚ್ಚಿಕೊಂಡು ಕೇಳುತ್ತಿದ್ದರು. ಆಮೇಲೆ ಚಾಚಿಯ ಚಹಾ, ಆಮೇಲೆ ಪಾಠ. ಎಣ್ಣೆಯ ಪಾಠ ಕೇಳಿದ್ದು ಅಲ್ಲೇ.

"ಈ ಗಾಡಿಗೆ ಎಣ್ಣಿ ಎರಡ. ಒಂದ ಉಣ್ಣೂದು, ಒಂದ ಮೈಗೆ ಹಚಗೊಳ್ಳೂದು. ಪೆಟ್ರೋಲಿನಾಗ ಕೂಡಸತೀಯಲ್ಲ, ಅದು ಉಣ್ಣೂದು. ಉಂಡು ಹೊಗಿ ಬಿಡತೈತಿ. ಗೇರಿನ ಪೆಟಗ್ಯಾಗ ಇರೂದು ಬ್ಯಾರೆ. ಅದು ಹೊರಗ ಬರಂಗಿಲ್ಲ. ಒಳಗs ಕುಂತು ಗೇರಿನ ಹಲ್ಲಿಗೂ ಕ್ಲಚ್ಚಿನ ಪ್ಲೇಟಿಗೂ ಮಾಲೀಸ ಮಾಡತೈತಿ."

"ಮಾಲೀಸಿಗೆ ಯಾವ ಎಣ್ಣಿ ಆದರೇನ್ರಿ ಚಾಚಾ?"

"ಹಾಂ?"

"ಯಾವುದಾರ ನಡಿತೈತಲ್ಲರಿ ಅಂದೆ."

ಚಾಚಾ ಎರಡೂ ಅಂಗೈಗಳನ್ನು ಒಂದಕ್ಕೊಂದು ಒತ್ತಿ ಹಿಡಿದರು. "ಕ್ಲಚ್ಚಿನ ಪ್ಲೇಟ ಹಿಂಗ ಇರತಾವ. ಎಣ್ಣ್ಯಾಗ ಮುಳಗಿ ಕುಂತs ಒಂದನ್ನೊಂದು ಹಿಡಕೋಬೇಕು. ಕುಸ್ತ್ಯಾಗ ಮೈಗೆ ಎಣ್ಣಿ ಬಡಕೊಂಡ ಪೈಲ್ವಾನನ್ನ ಹಿಡದ ನೋಡು, ಹಿಡೀತಿ, ಜಾರತಾನ. ಎಣ್ಣಿ ಭಾಳ ನುಣ್ಣಗಾತಂದ್ರ ಹಂಗs. ಭಾಳ ದಪ್ಪಾತಂದ್ರ ಬಿಡಂಗs ಇಲ್ಲ. ಅದಕ ಮೂವತ್ತ ನಂಬರ. ಡಬ್ಬಿ ಮ್ಯಾಲ ಒಂದs ನಂಬರ ಇರಬೇಕು. ಎರಡ ನಂಬರ ಬರದಿದ್ದರ ಅದು ಹೊಸಾ ಗಾಡಿದು, ಮುಟ್ಟಬ್ಯಾಡ."

ಈ ಮಾತು ಕೇಳುತ್ತ ನಾನು ಮನಸ್ಸಿನಲ್ಲಿ ಮಾಡುತ್ತಿದ್ದುದು ಒಂದೇ: ಆ "ಹಾಂ?" ಅನ್ನು ಕದಿಯುತ್ತಿದ್ದೆ. ಎಡಗಿವಿಯ ಹಿಂದೆ ಬಟ್ಟಲಾಗುವ ಕೈ, ಮುಂದೆ ಬರುವ ಗದ್ದ, ತಮಗೇ ಕೇಳದ್ದರಿಂದ ಸಂದಿಗೆಲ್ಲ ಕೇಳುವ ಹಾಗೆ ಆಡುವ ಆ ಮಾತು. ಎಲ್ಲರನ್ನೂ ಅವರ ಎದುರಿಗೇ ಅಣಕಿಸುತ್ತಿದ್ದವನು ನಾನು. ಚಾಚಾನನ್ನು ಮಾತ್ರ ಎದುರಿಗೆ ಅಣಕಿಸಿರಲಿಲ್ಲ. ಅದು ಮರ್ಯಾದೆ ಎಂದು ಆಗ ತಿಳಿದಿದ್ದೆ. ಈಗ ನೋಡಿದರೆ ಅದು ಹೆದರಿಕೆ.

ಬೆಳಗುಗಳು ಮಾತ್ರ ಕನಸಿನ ಹಾಗಿದ್ದವು. ಮಂಜಿನಲ್ಲಿ ಗುಮ್ಮಟದ ಅರ್ಧ ಮೇಲ್ಭಾಗ ಮಾತ್ರ ಕಾಣುತ್ತಿತ್ತು, ಯಾರೋ ಆಕಾಶದಲ್ಲಿ ಪಾತ್ರೆ ಬೋರಲು ಹಾಕಿದ ಹಾಗೆ. ಊರು ದಾಟಿದ ಮೇಲೆ ಕರಿಭೂಮಿ, ಅದರ ಮೇಲೆ ಮೊಣಕಾಲೆತ್ತರದ ಬಿಳಿಜೋಳ, ಜೋಳದ ಎಲೆಗಳ ಮೇಲೆ ಇಬ್ಬನಿ. ಕಡಲೆ ಹೊಲದ ಪಕ್ಕ ಹೋದರೆ ಗಾಳಿಯೇ ಹುಳಿ. ಗಾಡಿಯ ಸದ್ದು ನನ್ನ ಮುಂದೆ ಸ್ವಲ್ಪ ದೂರ ಹೋಗಿ, ಮಂಜಿಗೆ ತಾಗಿ, ಮೆತ್ತಗಾಗಿ ತಿರುಗಿ ಬರುತ್ತಿತ್ತು. ಎಷ್ಟೋ ಸಲ ನಾನು ಗಾಡಿಯ ಮೇಲೆ ಇದ್ದೇನೋ ಆ ಸದ್ದಿನ ಮೇಲೆ ಕೂತಿದ್ದೇನೋ ತಿಳಿಯುತ್ತಿರಲಿಲ್ಲ. ತಿಕೋಟಾ ಬರುವುದರೊಳಗೆ ಕೈಬೆರಳು ಕೊರಡಾಗುತ್ತಿದ್ದವು. ಮೊದಲ ತರಗತಿಯಲ್ಲಿ ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರಗಳೆಲ್ಲ ನಡುಗುತ್ತಿದ್ದವು. ಹುಡುಗರು ಅಮೀಬಾ ಅಂದರೆ ಹಾಗೇ ಇರುತ್ತದೆ ಎಂದು ನಂಬಿದ್ದರು.

ಎಳ್ಳ ಅಮಾವಾಸ್ಯೆಗೆ ಇನ್ನೂ ಹದಿನೈದು ದಿನ ಇರುವಾಗ ಚಾಚಾ ಹೇಳಿದರು, "ಗೇರಿನ ಎಣ್ಣಿ ಬದಲಿಸಬೇಕು. ನನ್ನ ಡಬ್ಬಿ ಮುಗದೈತಿ. ಸ್ಟೇಷನ್ ರಸ್ತ್ಯಾಗ ತಗೊಂಡ ಬಾ. ನಂಬರ ನೆನಪೈತಿಲ್ಲ?"

ನೆನಪಿತ್ತು. ಎಣ್ಣೆಯ ಅಂಗಡಿಗೆ ಹೋಗಿ ಸರಿಯಾಗಿಯೇ ಕೇಳಿದೆ. ಅದು ಸಂಜೆಯ ಹೊತ್ತು, ಅಂಗಡಿಯ ಕಟ್ಟೆಯ ಮೇಲೆ ನಾಲ್ಕಾರು ಮಂದಿ ಕೂತಿದ್ದರು. ಅಂಗಡಿಯವರು ಮೂಗು ಮುರಿದರು.

"ಒಂದ ನಂಬರದ್ದು ಈಗ ಯಾರ ಕೇಳತಾರ್ರಿ? ಯಾರ ಹೇಳ್ಯಾರ ನಿಮಗ?"

ಅಲ್ಲಿ ನಾಲ್ಕು ಮುಖಗಳು ನನ್ನ ಕಡೆ ತಿರುಗಿದ್ದವು. ನಾಲ್ಕು ಮುಖ ತಿರುಗಿದರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಕೈ ತಾನಾಗಿ ಎಡಗಿವಿಯ ಹಿಂದೆ ಬಟ್ಟಲಾಯಿತು. "ಹಾಂ? ಏನಂದಿ? ಮೂವತ್ತ ನಂಬರ. ಒಂದs ನಂಬರ. ಹಾಂ?" ಕಟ್ಟೆಯ ಮೇಲಿದ್ದವರು ಗುರುತು ಹಿಡಿದು ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಮಾಡಿದೆ, ಈ ಸಲ ಹತ್ತಕ್ಷರ ಸೇರಿಸಿ. ಅಂಗಡಿಯವರು ಕಣ್ಣೊರೆಸಿಕೊಳ್ಳುತ್ತ ಒಂದು ಹೊಳೆಯುವ ಬಾಟಲಿ ಮುಂದಿಟ್ಟರು.

"ಇದ ಒಯ್ಯರಿ. ಹೊಸಾ ಕಾರಿನವರೆಲ್ಲಾ ಇದನ್ನs ಹಾಕತಾರ. ಇದರಾಗೂ ಮೂವತ್ತ ಐತಿ. ಮುಂದ ಹತ್ತ ಬ್ಯಾರೆ ಐತಿ."

ನಗೆ ಇನ್ನೂ ಬಿಸಿಯಿತ್ತು. ಅದು ಆರುವ ಮುಂಚೆ ಇನ್ನೊಂದು ಕಟ್ಟಿಗೆ ಹಾಕಬೇಕೆನಿಸಿತು. "ಹೌದ್ರಿ, ಇದs ಕೊಡ್ರಿ," ಎಂದೆ. "ಆ ಮುದುಕಗ ಏನ ತಿಳಿತೈತಿ."

ಈ ಕೊನೆಯ ಮಾತು ಯಾರ ದನಿಯಲ್ಲೂ ಇರಲಿಲ್ಲ. ಅದು ನನ್ನದೇ.

ಎರಡು ನಂಬರಿನ ಬಾಟಲಿಯನ್ನು ಚಾಚಾನ ಮುಂದೆ ಒಯ್ಯುವ ಧೈರ್ಯವಾಗಲಿಲ್ಲ. ವಿಜ್ಞಾನದ ಮಾಸ್ತರ ತಾನೆ, ಒಂದು ನಟ್ಟು ಬಿಚ್ಚಲು ಬರುವುದಿಲ್ಲವೇ? ಭಾನುವಾರ ಮುಂಜಾನೆ, ಹಲ್ಲು ಕಟಕಟಿಸುವ ಥಂಡಿಯಲ್ಲಿ, ಗಾಡಿಯನ್ನು ಒಂದು ನಿಮಿಷವೂ ಓಡಿಸದೆ ಅಡಿಯ ನಟ್ಟು ಬಿಚ್ಚಿದೆ. ತಣ್ಣಗಿದ್ದ ಹಳೆಯ ಎಣ್ಣೆ ಕಾಕಂಬಿಯ ಹಾಗೆ ಇಳಿದು, ಅರ್ಧಕ್ಕೇ ನಿಂತುಬಿಟ್ಟಿತು. ಇಷ್ಟೇ ಇರಬೇಕು ಎಂದುಕೊಂಡು ನಟ್ಟು ಬಿಗಿದು, ಹೊಸ ಬಾಟಲಿಯಿಂದ ಮೇಲೆ ಸುರಿದೆ. ಅವ್ವ ಬಾಗಿಲಲ್ಲಿ ನಿಂತು, "ಹೊರಗ ಬಂದಿದ್ದು ಇಷ್ಟs ಏನ? ಉಳಿದಿದ್ದ ಒಳಗೈತಲ್ಲೋ," ಎಂದಳು. ಅಡುಗೆಮನೆಯ ವಿಜ್ಞಾನ ಎಂದು ನಾನು ಅದನ್ನು ಕೈಬಿಟ್ಟೆ.

ನಾಲ್ಕು ದಿನ ಗಾಡಿ ಏನೂ ಹೇಳಲಿಲ್ಲ. ಐದನೆಯ ದಿನ ನಿಡೋಣಿಯ ಏರಿನಲ್ಲಿ ಎಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ನು ಮೇಲಕ್ಕೆ ಕೂಗಿತು, ಗಾಡಿ ಮಾತ್ರ ಹಿಂದೆಯೇ ಉಳಿಯಿತು. ಹಾಡುಗಾರ ಮೇಲಿನ ಷಡ್ಜಕ್ಕೆ ಹೋದ, ತಬಲಾದವನು ಊಟಕ್ಕೆ ಹೋದ, ಆ ರೀತಿ. ಎತ್ತಿನ ಗಾಡಿಯವನೊಬ್ಬ ನನ್ನನ್ನು ದಾಟಿ ಹೋಗುತ್ತ, "ಕಟಗೊಳ್ರಿ ಮಾಸ್ತರ, ಜಗ್ಗತೇನಿ," ಎಂದ.

ಸಂಜೆ ಚಾಚಾನ ಹಲ್ಲಿಗೆ ಆ ಸದ್ದನ್ನು ಒಪ್ಪಿಸಿದೆ. "ಕ್ಲಚ್ ಜಾರಾಕತ್ತೈತಿ," ಎಂದರು ಅರೆಕ್ಷಣದಲ್ಲಿ. ಅವರ ರೂಢಿಯ ಪ್ರಕಾರ ಗಾಡಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಎಣ್ಣೆ ಇಳಿಸದೆಯೇ ಕ್ಲಚ್ಚಿನ ಮುಚ್ಚಳ ಬಿಚ್ಚಿದರು. ಪ್ಲೇಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಸವೆದಿರಲಿಲ್ಲ. ಸ್ಪ್ರಿಂಗು ಒತ್ತಿ ನೋಡಿದರು. ಗಟ್ಟಿಯಿದ್ದವು. ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಎಣ್ಣೆ ತಿಕ್ಕಿದರು. ತಿಕ್ಕುತ್ತಲೇ ಇದ್ದರು.

"ಮಾಸ್ತರ, ಎಣ್ಣಿ ಹಗೂರ ಆಗೈತಲ್ಲ. ಯಾವುದ ಹಾಕಿದಿ?"

"ನೀವ ಹೇಳಿದ್ದs ಹಾಕೀನಿ ಚಾಚಾ. ಹೊಸಾದಲ್ಲರಿ, ಅದಕ ಹಂಗ ಹತ್ತತೈತಿ."

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಕಿವಿ ಮಂದವಾದವರು ಹಾಗೆ ನೋಡುತ್ತಾರೆ, ಪೂರ್ತಿ ನಂಬಿ. ಬೆರಳುಗಳನ್ನು ಅರಿವೆಗೆ ಒರೆಸಿಕೊಂಡು, "ಹೌದೇನು," ಎಂದರು. ತಮ್ಮ ಬೆರಳನ್ನು ಬಿಟ್ಟು ನನ್ನ ಬಾಯಿಯನ್ನು ನಂಬಿದರು.

ಹೊಸ ಪ್ಲೇಟು ಹಾಕಿದರು. ಮರುದಿನ ಏರಿನಲ್ಲಿ ಗಾಡಿ ಮತ್ತೆ ಕೂಗಿ ಹಿಂದೆ ನಿಂತಿತು. ಮತ್ತೆ ಬಿಚ್ಚಿದರು, ಕೇಬಲ್ ಬದಲಿಸಿದರು, ಮತ್ತೆ ಅದೇ. ಮೂರನೆಯ ದಿನ ನನ್ನ ದವಡೆಗೆ ಸ್ಕ್ರೂಡ್ರೈವರ್ ಆನಿಸಿ ಬಹಳ ಹೊತ್ತು ಕೇಳಿದರು. ಕಚ್ಚಿದ್ದ ಹಿಡಿಕೆ ಬಿಟ್ಟು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದರು, ತಪ್ಪು ಅದರದೇ ಏನೋ ಎಂಬ ಹಾಗೆ.

"ಕಿವಿ ಹೋತು ಅಂತ ಹಲ್ಲ ಹಿಡದಿದ್ದೆ. ಈಗ ಹಲ್ಲೂ ಸುಳ್ಳ ಹೇಳಾಕತ್ತಾವ. ಬೆರಳೂ ಸುಳ್ಳ ಹೇಳಾಕತ್ತಾವ," ಎಂದರು. ನನಗೆ ಹೇಳಿದ್ದಲ್ಲ. ಬೇವಿನ ಮರಕ್ಕೆ ಹೇಳಿದ್ದು.

ಮುಂದಿನ ಮಾತು ನಾಲ್ಕು ದಿನ ಬಿಟ್ಟು ಚಾಚಿಯಿಂದ ಬಂತು. ಅದು ಅಮಾವಾಸ್ಯೆಯ ಮರುದಿನ. ಹಿಂದಿನ ದಿನ ತಿಕೋಟಾದ ಮಕ್ಕಳ ಮನೆಯವರು ನನ್ನನ್ನು ಹೊಲಕ್ಕೆ ಕರೆದು, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಎಣ್ಣೆಗಾಯಿ ಬದನೆಕಾಯಿ ಹಾಕಿ ಹೊಟ್ಟೆ ಬಿರಿಯ ಉಣಿಸಿದ್ದರು. ಅವರು ಕಟ್ಟಿಕೊಟ್ಟ ಬುತ್ತಿಯನ್ನು ಚಾಚಿಗೆ ಕೊಡಲು ಹೋಗಿದ್ದೆ. ಗಾಡಿಯನ್ನು ಏರಿನಲ್ಲಿ ತಳ್ಳಿ ತಳ್ಳಿ ನನ್ನ ಕಾಲು ಸೋತಿದ್ದವು. ಚಾಚಿ ಬುತ್ತಿ ತೆಗೆದುಕೊಂಡು, ಎಂದೂ ಇಲ್ಲದ ಹಾಗೆ ಸಣ್ಣ ದನಿಯಲ್ಲಿ ಹೇಳಿದಳು.

"ಸಂಕ್ರಮಣ ಮುಗಿದ ಮ್ಯಾಲ ಅಂಗಡಿ ಮುಚ್ಚತಾರಂತಪ್ಪಾ. ನಿನ್ನಿ ಇಬ್ಬರ ಗಾಡಿ ತಂದಿದ್ದರು, ವಾಪಸ ಕಳಸ್ಯಾರ. ನನಗ ತಿಳಿಯಂಗಿಲ್ಲ, ಬ್ಯಾರೆ ಕಡೆ ತೋರಸ್ರಿ ಅಂದ್ರು. ಅವರ ಬಾಯಿಂದ ಆ ಮಾತ ನಾ ಎಂದೂ ಕೇಳಿಲ್ಲ."

ನಾನು ಚಹಾದ ಕಪ್ಪು ಹಿಡಿದು ಹೊರಗೆ ನೋಡಿದೆ. ಚಾಚಾ ಅಂಗಡಿಯ ನೆಲದ ಮೇಲೆ ಕೂತು ಪಾನಾಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ಗೋಡೆಯ ಮೇಲೆ ಬರೀ ಮೊಳೆಗಳು, ಮೊಳೆಗಳ ಕೆಳಗೆ ಪಾನಾದ ಆಕಾರದ ಬೆಳ್ಳನೆಯ ಕಲೆಗಳು. ಕಪ್ಪನ್ನು ಹೊಸ್ತಿಲ ಮೇಲೆ ಇಟ್ಟೆ.

ಹೋಗಿ ಅವರ ಎದುರಿಗೆ ಕೂತೆ. "ಚಾಚಾ, ಇನ್ನೊಂದ ಸಲ ಕೇಳ್ರಿ."

"ಏನ ಕೇಳೂದೈತಿ? ಏನ ಕೇಳಿದರೂ ನನಗ ಕ್ಲಚ್ ಅನಸತೈತಿ."

"ಗಾಡಿದಲ್ಲರಿ. ಎಣ್ಣಿ ಅಂಗಡಿದು." ಪೆಟ್ಟಿಗೆಯಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಅವರ ಕೈಗೆ ಕೊಟ್ಟೆ. ಅವರು ಒಲ್ಲದ ಮನಸ್ಸಿನಿಂದ ಹಿಡಿಕೆ ಕಚ್ಚಿಕೊಂಡರು. ತುದಿಯನ್ನು ನಾನೇ ನನ್ನ ದವಡೆಗೆ ಇಟ್ಟುಕೊಂಡೆ.

ಮೊದಲು ಎಣ್ಣೆ ಅಂಗಡಿಯವರನ್ನು ಮಾಡಿದೆ. ಅದು ಸುಲಭ. ಆಮೇಲೆ ಚಾಚಾನನ್ನು ಮಾಡಿದೆ, ಚಾಚಾನ ಎದುರಿಗೆ, ಅವರದೇ ಹಲ್ಲಿಗೆ. "ಹಾಂ? ಏನಂದಿ? ಮೂವತ್ತ ನಂಬರ. ಒಂದs ನಂಬರ. ಹಾಂ?" ಅವರ ಹುಬ್ಬುಗಳು ಮೇಲೇರಿದವು. ಕಟ್ಟೆಯ ಮಂದಿಯ ನಗೆಯನ್ನೂ ಮಾಡಿದೆ, ನಾಲ್ಕು ತರದ ನಗೆ. ಬಾಟಲಿ ಮುಂದಿಟ್ಟ ಸದ್ದು ಮಾಡಿದೆ. ಉಳಿದದ್ದು ಒಂದೇ ದನಿ. ನನ್ನ ದನಿ ಮಾಡಿ ನನಗೆ ರೂಢಿಯಿಲ್ಲ. ಅದು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಗೊತ್ತಿರಲಿಲ್ಲ. ಹೇಗೋ ಹೇಳಿದೆ: "ಹೌದ್ರಿ, ಇದs ಕೊಡ್ರಿ. ಆ ಮುದುಕಗ ಏನ ತಿಳಿತೈತಿ."

ಚಾಚಾ ಸ್ಕ್ರೂಡ್ರೈವರ್ ಬಾಯಿಂದ ತೆಗೆದರು. ಅರಿವೆಯಿಂದ ಒರೆಸಿದರು, ಒರೆಸಿದ್ದನ್ನೇ ಒರೆಸಿದರು. ಬೇವಿನ ಎಲೆಯೊಂದು ಚಿಮಣಿ ಎಣ್ಣೆಯ ತಟ್ಟೆಯಲ್ಲಿ ಬಿದ್ದು ನಿಧಾನವಾಗಿ ತಿರುಗಿತು.

"ಇನ್ನೊಮ್ಮೆ ಮಾಡು."

"ಯಾವುದರಿ?"

"ನಂದು."

ಮಾಡಿದೆ. ಈ ಸಲ ಒಂದಕ್ಷರ ಸೇರಿಸಲಿಲ್ಲ.

"ನಾ ಇಷ್ಟ ಜೋರ ಒದರತೇನು?"

"ಇದಕೂ ಜೋರ," ಎಂದಳು ಒಳಗಿನಿಂದ ಚಾಚಿ.

"ಹಾಂ?"

"ಇದಕೂ ಜೋರಂತರಿ," ಎಂದೆ ನಾನು.

ಚಾಚಾ ತಮ್ಮ ಗಂಟಲನ್ನು ಮುಟ್ಟಿ ನೋಡಿಕೊಂಡರು. ತಮ್ಮ ದನಿಯನ್ನು ಅವರು ಎಷ್ಟು ವರ್ಷದಿಂದ ಕೇಳಿರಲಿಲ್ಲವೋ. ಆಮೇಲೆ ಹೇಳಿದರು, "ಮಾಸ್ತರ, ದನಿ ಖರೇ ಐತಿ. ಎಣ್ಣಿ ಸುಳ್ಳ ಐತಿ."

ಹೆಬ್ಬೆರಳನ್ನೂ ತೋರುಬೆರಳನ್ನೂ ಗಾಳಿಯಲ್ಲಿ ತಿಕ್ಕಿದರು, ಅಂದು ತಿಕ್ಕಿದ ಹಾಗೆಯೇ. "ಅಂದ್ರ ಇವು ನನಗ ಸುಳ್ಳ ಹೇಳಿಲ್ಲ," ಎಂದು ಆ ಎರಡು ಬೆರಳುಗಳನ್ನು, ಬಹಳ ದಿನದ ಮೇಲೆ ಊರಿಗೆ ಬಂದ ಮಕ್ಕಳನ್ನು ನೋಡಿದ ಹಾಗೆ, ಮುಖದ ಹತ್ತಿರ ತಂದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದ ಮುಖ ಬೇರೆಯಾಗಿತ್ತು. "ಏಳಲೇ. ಮುದುಕಗ ಏನ ತಿಳಿತೈತಿ ಅಂದಿಯಲ್ಲ, ಈಗ ಮುದುಕ ಹೇಳಿದಂಗ ಮಾಡು. ನಾ ಒಂದ ನಟ್ಟನೂ ಮುಟ್ಟಂಗಿಲ್ಲ."

ಮೊದಲು ಅದೇ ಅಂಗಡಿಗೆ ನಡೆದು ಹೋದೆ. "ಇವತ್ತ ಆ ಮುದುಕನ್ನ ಮಾಡಂಗಿಲ್ಲೇನ್ರಿ?" ಎಂದರು ಅಂಗಡಿಯವರು. "ಇವತ್ತ ಅವರs ಕಳಸ್ಯಾರ್ರಿ," ಎಂದೆ. ಹಿಂದಿನ ಕಪಾಟಿನಿಂದ ಧೂಳು ಹಿಡಿದ ಡಬ್ಬಿ ಹೊರಬಂತು. ಒಂದೇ ನಂಬರು.

ಚಾಚಾ ಸ್ಟೂಲಿನ ಮೇಲೆ ಕೂತರು, ನಾನು ನೆಲದ ಮೇಲೆ. "ಮೊದಲ ಸ್ಟೇಷನ್ ತನಕ ಹೋಗಿ ಬಾ. ಎಂಜಿನ್ ಬೆಚ್ಚಗಾಗಲಿ. ಥಂಡಿ ಎಣ್ಣಿ ಹೊರಗ ಬರಾಕ ಒಲ್ಲೆ ಅಂತೈತಿ." ಉಳಿದದ್ದು ಒಳಗೇ ಇದೆ ಎಂದು ಅವ್ವ ಹೇಳಿದ್ದು ಇದಕ್ಕೇ. ಹೋಗಿ ಬಂದೆ. ಕೆಳಗೆ ತಟ್ಟೆ ಇಟ್ಟು ಅಡಿಯ ನಟ್ಟು ಬಿಚ್ಚಿದರೆ ಎಣ್ಣೆ ಈಗ ದಾರದ ಹಾಗೆ, ಮುರಿಯದೆ ಇಳಿಯಿತು. "ಗಡಬಡಿ ಬ್ಯಾಡ. ಕಡೀ ಹನಿ ತನಕ ಕೂಡು." ಕೂತೆ. ಪ್ಲೇಟುಗಳನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಒಣ ಅರಿವೆಯಲ್ಲಿ ಒರೆಸಿ, ಸರಿಯಾದ ಎಣ್ಣೆಯ ತಟ್ಟೆಯಲ್ಲಿ ಮುಳುಗಿಸಿಟ್ಟು, ಆ ದಿನ ಬಸ್ಸಿನಲ್ಲಿ ಮನೆಗೆ ಹೋದೆ. ಮರುದಿನ ಅವನ್ನು ಜೋಡಿಸಿದ ಮೇಲೆ ಎಣ್ಣೆ ಸುರಿಯುವ ಪಾಠ.

"ಗಾಡಿ ನೆಟ್ಟಗ ನಿಲ್ಲಲಿ. ಬಾಜೂಕಿನ ತೂತಿನ್ಯಾಗ ಹಾಕು. ಸಣ್ಣಗ."

"ಎಷ್ಟ ಹಾಕಲಿರಿ?"

"ಗಾಡೀನs ಹೇಳತೈತಿ."

ಹಾಕುತ್ತ ಹೋದೆ. ತೂತಿನ ಅಂಚಿಗೆ ಎಣ್ಣೆ ಬಂದು ನಿಂತಿತು, ತುಂಬಿದ ಕಣ್ಣಿನ ಹಾಗೆ. ಆಮೇಲೆ ಒಂದು ಹನಿ ಹೊರಗೆ ಜಾರಿತು. "ಸಾಕು ಅಂತು ನೋಡು," ಎಂದರು ಚಾಚಾ. ದೇವರು ನನಗೂ ಎಲ್ಲಾದರೂ ಒಂದು ಕಡೆ ಅಂಥ ತೂತು ಇಟ್ಟಿದ್ದರೆ ಎಷ್ಟು ಹೆಚ್ಚಿನ ಮಾತು ಹೊರಗೆ ಹನಿದು ಹೋಗುತ್ತಿತ್ತು ಎಂದುಕೊಂಡೆ. ಎರಡು ದಿನ ಓಡಿಸಿ, ಒಳಗೆ ಉಳಿದ ಸುಳ್ಳು ತೊಳೆದುಹೋಗಲೆಂದು ಅದನ್ನೂ ಇಳಿಸಿ ಮತ್ತೆ ಹೊಸದು ಹಾಕಿಸಿದರು. ಹಾಕಿದ್ದು ನಾನೇ. ಅವರು ತಟ್ಟೆಯಲ್ಲಿ ಒಂದು ಬೆರಳು ಅದ್ದಿ ತಿಕ್ಕಿ, ಹೂಂ ಎಂದು ತಲೆಯಾಡಿಸಿದರು.

ಆ ಮರುದಿನ ನಿಡೋಣಿಯ ಏರು ಬಂದಾಗ ನಾನು ಉಸಿರು ಹಿಡಿದೆ. ಬಿಸಿಲು ಎಳೆಯದಿತ್ತು, ಹೂವಿಗೆ ಬಂದ ಕುಸುಬಿ ಹೊಲಗಳು ಎರಡೂ ಕಡೆ ಹಳದಿಯಾಗಿ ಉರಿಯುತ್ತಿದ್ದವು. ಎಂಜಿನ್ನಿನ ದನಿ ಸ್ವಲ್ಪ ಏರಿತು, ಗಾಡಿಯೂ ಅದರ ಜೊತೆ ಏರಿತು. ಎಲ್ಲೂ ಮುರಿಯಲಿಲ್ಲ. ಏರಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಬೇಕೆನಿಸಿ, ನಿಲ್ಲಿಸದೆ ಹೋದೆ. ಆ ದನಿಯನ್ನು ದಾರಿಯಲ್ಲಿ ಚೆಲ್ಲದೆ ತುಂಬಿದ ಕೊಡದ ಹಾಗೆ ಸಂಜೆಯ ತನಕ ಹೊತ್ತು ತರಬೇಕಿತ್ತು.

ತಂದೆ. ಚಾಚಾ ಹಿಡಿಕೆ ಕಚ್ಚಿಕೊಂಡರು. ನೋಡುವವರು ಸಂದಿಯಲ್ಲಿ ಇಬ್ಬರು ಮೂವರು ನಿಂತಿದ್ದರು, ನಾನು ಅವರ ಕಡೆ ತಿರುಗಲಿಲ್ಲ. ಕೇಳಿದ್ದನ್ನಷ್ಟೇ ಮಾಡಿದೆ. ಯಾರೂ ನಗಲಿಲ್ಲ. ಚಾಚಾ ಕಣ್ಣು ತೆರೆದು, ಸ್ಕ್ರೂಡ್ರೈವರ್ ಕೆಳಗಿಟ್ಟು, ಪೆಟ್ಟಿಗೆಯ ಮುಚ್ಚಳ ತೆಗೆದು, ಪಾನಾಗಳ ದೊಡ್ಡಣ್ಣನನ್ನು ಅವನ ಮೊಳೆಗೆ ತೂಗುಹಾಕಿದರು. ಆಮೇಲೆ ಅವನ ತಮ್ಮನನ್ನು. ಚಾಚಿ ಬಾಗಿಲಲ್ಲಿ ನಿಂತು ಒಂದೊಂದನ್ನೂ ಎಣಿಸುತ್ತಿದ್ದಳು. ಸಂಕ್ರಮಣಕ್ಕೆ ನಾನು ಎಳ್ಳು ಬೆಲ್ಲ ಒಯ್ದಾಗ ಅಂಗಡಿಯ ಮುಂದೆ ನಾಲ್ಕು ಗಾಡಿ ನಿಂತಿದ್ದವು.

ಕೆರೆಯ ದಂಡೆಯಲ್ಲಿ ಹೊಗೆ ಕರಗಿತು. ನಾನು ನನ್ನ ಮೂಗ ಗಾಡಿ ಹತ್ತಿ ನೇರ ಸಂದಿಗೆ ಬಂದೆ. ಬೇವಿನ ಮರ ಅಲ್ಲೇ ಇತ್ತು, ಚಾಚಾ ಸ್ಟೂಲಿನ ಮೇಲಿದ್ದರು, ಮೊದಲಿಗಿಂತ ತೆಳ್ಳಗಾಗಿ. ನನ್ನ ಹೊಸ ಗಾಡಿಯನ್ನು ಸುತ್ತು ಹಾಕಿ ನೋಡಿ, ಚಾಲೂ ಮಾಡು ಎಂದು ಸನ್ನೆ ಮಾಡಿ, ಸ್ಕ್ರೂಡ್ರೈವರ್ ಆನಿಸಿ ಕಚ್ಚಿಕೊಂಡರು. ಬಹಳ ಹೊತ್ತು ಕೇಳಿದರು.

"ಇದು ನನಗಿಂತ ಕಿವುಡ ಐತಿ. ಎಣ್ಣಿ ಯಾವುದ ಹಾಕತೀ ಇದಕ?"

"ಎಣ್ಣಿ ಬೇಕಾಗಂಗಿಲ್ಲರಿ ಚಾಚಾ."

"ಹಾಂ?"

"ಎಣ್ಣೀನ ಬ್ಯಾಡಂತರಿ ಇದಕ."

ಚಾಚಾ ಗಾಡಿಯ ಸೀಟಿನ ಮೇಲೆ ಕೈಯಾಡಿಸಿದರು. "ಪಾಪ," ಎಂದರು. ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಅರಿವೆಯಲ್ಲಿ ಒರೆಸಿ ನನ್ನ ದವಡೆಗೆ ಹಿಡಿದರು. "ನಮ್ಮ ಹಳೇದನ್ನ ತಗಿ."

ತೆಗೆದೆ. ಗಂಟಲಲ್ಲೇ, ಥಂಡಿಯಲ್ಲಿ ಮೂರು ಕಿಕ್, ನಾಲ್ಕನೆಯದಕ್ಕೆ ಹತ್ತಿತು. ಊರು ದಾಟಿದೆ, ಮಂಜಿಗೆ ತಾಗಿ ತಿರುಗುವ ಮೆತ್ತನೆಯ ಸದ್ದು ಮಾಡಿದೆ. ಮುಚ್ಚಿದ ಕಣ್ಣಿನಲ್ಲೇ ಚಾಚಾ ಒಂದು ಬೆರಳು ಎತ್ತಿದರು, ತಿಕೋಟಾ ಬಂತು ಎಂಬ ಹಾಗೆ. ಬಂದಿತ್ತು. ಗೇರು ಇಳಿಸಿದೆ, ಏರು ಹತ್ತಿಸಿದೆ. ನೆತ್ತಿಯ ಮೇಲೆ ನನ್ನ ಉಸಿರು ಮುಗಿಯಿತು.

ಅವರು ಹಿಡಿಕೆಯನ್ನು ಹಲ್ಲಿನಿಂದ ಬಿಟ್ಟರು. "ಯಾಕ ನಿಂತಿ?"

"ಉಸಿರ ಮುಗೀತರಿ ಚಾಚಾ."

"ತುಂಬಕೋ," ಎಂದು ಮತ್ತೆ ಕಚ್ಚಿಕೊಳ್ಳುವ ಮುಂಚೆ ಹೇಳಿದರು. "ಬಬಲೇಶ್ವರ ಇನ್ನೂ ದೂರ ಐತಿ."